ಮಗುವಿನ ಸ್ವೆಟರ್‌ಗೆ ನೂಲು ಎಷ್ಟು, ಗಂಟೆ ಎಷ್ಟು? ಕ್ರೋಶಾ ಹೆಣಿಗೆಯ ನಿಜವಾದ ಲೆಕ್ಕ

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆ ಯಾರಾದರೂ ಮಗುವಿಗೆ ಸ್ವೆಟರ್ ಹೆಣೆಯಲು ಕೂತರೆ ಮೊದಲು ಬರುವ ಪ್ರಶ್ನೆ, ‘ಈ ಸೆಕೆಗೆ ಸ್ವೆಟರಾ?’ ಎಂದು. ಪ್ರಶ್ನೆ ತಪ್ಪಲ್ಲ. ಕರಾವಳಿಯಲ್ಲಿ ಮಾರ್ಚ್, ಎಪ್ರಿಲ್ ತಿಂಗಳಲ್ಲಿ ಮಗುವಿಗೆ ಒಂದು ತೆಳು ಹತ್ತಿ ಜುಬ್ಬವೇ ಜಾಸ್ತಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದ ರಾತ್ರಿಗಳುಂಟು. ಹೆರಿಗೆ ಆಸ್ಪತ್ರೆಯ ಎ.ಸಿ. ಕೋಣೆ ಉಂಟು. ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು, ಮಡಿಕೇರಿಯ ನೆಂಟರ ಮನೆ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ ಗಲ್ಫ್‌ನಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿದ್ದಾರೆ. ಅಲ್ಲಿ ವರ್ಷವಿಡೀ ಎ.ಸಿ., ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿಯ ಚಳಿ ಬೇರೆ. ಹಾಗಾಗಿ ಹಗುರವಾದ, ಎದುರು ಗುಂಡಿ ಇರುವ ಒಂದು ಸ್ವೆಟರ್ ಈ ಕಡೆಯ ಮನೆಗಳಿಗೂ ಉಪಯೋಗಕ್ಕೆ ಬರುವ ಬಟ್ಟೆಯೇ.

ಇತ್ತೀಚೆಗೆ ಮೊಬೈಲ್‌ನಲ್ಲಿ ವೀಡಿಯೊ ನೋಡಿ ಕ್ರೋಶಾ ಕಲಿಯುವ ಹುಡುಗಿಯರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಕೆಲವರು ಮನೆಯ ಮಗುವಿಗೆ ಮಾತ್ರ ಹೆಣೆಯುತ್ತಾರೆ, ಇನ್ನು ಕೆಲವರು ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂಲಕ ಆರ್ಡರ್ ತೆಗೆದುಕೊಳ್ಳುತ್ತಾರೆ. ಈ ಎರಡು ಕೆಲಸಗಳ ಲೆಕ್ಕ ಒಂದೇ ಅಲ್ಲ. ಮೊದಲು ಕೆಲಸ ತಿಳಿದುಕೊಂಡು, ಆಮೇಲೆ ಲೆಕ್ಕಕ್ಕೆ ಬರುವುದು ಒಳ್ಳೆಯದು.

ಒಂದು ಕಡ್ಡಿ, ಒಂದು ಕುಣಿಕೆ

ಸಾಮಾನ್ಯ ಸ್ವೆಟರ್ ಹೆಣಿಗೆಗೆ ಎರಡು ಕಡ್ಡಿ ಬೇಕು, ಹತ್ತಾರು ಕುಣಿಕೆಗಳು ಒಟ್ಟಿಗೆ ಕಡ್ಡಿಯ ಮೇಲೆ ಕೂತಿರುತ್ತವೆ. ಕ್ರೋಶಾಕ್ಕೆ ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿ ಸಾಕು. ಒಂದು ಹೊಲಿಗೆ ಮುಗಿದಾಗ ಕಡ್ಡಿಯಲ್ಲಿ ಉಳಿಯುವುದು ಒಂದೇ ಕುಣಿಕೆ. ಮಗು ಅತ್ತರೆ, ಒಲೆಯಲ್ಲಿ ಹಾಲು ಉಕ್ಕಿದರೆ ಆ ಕುಣಿಕೆಯನ್ನು ಸ್ವಲ್ಪ ಉದ್ದ ಎಳೆದಿಟ್ಟು ಎದ್ದು ಹೋಗಬಹುದು. ತಪ್ಪಾದರೆ ನೂಲನ್ನು ಎಳೆದು, ತಪ್ಪಿದ ಜಾಗದವರೆಗೆ ಬಿಚ್ಚಿ ಮತ್ತೆ ಶುರು ಮಾಡಬಹುದು. ನೂಲು ಹಾಳಾಗುವುದಿಲ್ಲ. ಮನೆಕೆಲಸದ ನಡುವೆ ಹತ್ತು, ಇಪ್ಪತ್ತು ನಿಮಿಷ ಸಿಗುವವರಿಗೆ ಕ್ರೋಶಾ ಹಿಡಿಸಲು ಇದೇ ಕಾರಣ. ಆದರೆ ಎರಡು ಕಡ್ಡಿಯ ಹೆಣಿಗೆಗಿಂತ ಕ್ರೋಶಾ ನೂಲು ಜಾಸ್ತಿ ತಿನ್ನುತ್ತದೆ, ಬಟ್ಟೆ ಸ್ವಲ್ಪ ದಪ್ಪ ಬರುತ್ತದೆ.

ಕಲಿಯುವವರು ಎಡವುವ ಒಂದು ಜಾಗ ಹೊಲಿಗೆಯ ಹೆಸರು. ಅಮೆರಿಕದವರು ‘ಸಿಂಗಲ್ ಕ್ರೋಶಾ’ ಎನ್ನುವ ಹೊಲಿಗೆಯನ್ನು ಬ್ರಿಟನ್‌ನವರು ‘ಡಬಲ್ ಕ್ರೋಶಾ’ ಎನ್ನುತ್ತಾರೆ. ವೀಡಿಯೊ ಒಂದು ದೇಶದ್ದು, ಪುಸ್ತಕ ಇನ್ನೊಂದು ದೇಶದ್ದು ಆದರೆ ಸ್ವೆಟರ್‌ನ ಅಳತೆಯೇ ಬದಲಾಗಿಬಿಡುತ್ತದೆ. ಯಾವ ಪದ್ಧತಿ ಎಂದು ಮೊದಲೇ ನೋಡಿಕೊಳ್ಳಬೇಕು. ಈ ಲೇಖನದಲ್ಲಿ ಬಳಸಿರುವುದು ಅಮೆರಿಕದ ಹೆಸರುಗಳು.

ನೂಲಿನ ಆಯ್ಕೆ

ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿದರೆ ಸಿಗುವ ಉಂಡೆಗಳಲ್ಲಿ ಹೆಚ್ಚಿನವು ಉಣ್ಣೆಯಲ್ಲ, ಅಕ್ರಿಲಿಕ್. ಲೇಬಲ್ ತಿರುಗಿಸಿ ಓದಿದರೆ ಗೊತ್ತಾಗುತ್ತದೆ. ಅಕ್ರಿಲಿಕ್ ಅಗ್ಗ, ಹಗುರ, ಬಣ್ಣ ಬಗೆಬಗೆ, ಮಳೆಗಾಲದಲ್ಲೂ ಬೇಗ ಒಣಗುತ್ತದೆ. ಆದರೆ ಬೆವರು ಹೀರುವುದಿಲ್ಲ. ಬಿಸಿಗೆ ಕರಗುತ್ತದೆ, ಇಸ್ತ್ರಿ ಇಟ್ಟರೆ ಆಕಾರವೇ ಹೋಗುತ್ತದೆ. ಸ್ನಾನದ ನಂತರ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುವ ಮನೆಗಳಲ್ಲಿ ಅಕ್ರಿಲಿಕ್ ಸ್ವೆಟರ್ ತೊಡಿಸಿ ಕೆಂಡದ ಹತ್ತಿರ ಒಯ್ಯಲೇಬಾರದು. ಕಿಡಿ ತಾಗಿದರೆ ಕರಗಿದ ನೂಲು ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಹತ್ತಿ ನೂಲು ಬೆವರು ಹೀರುತ್ತದೆ, ಚರ್ಮಕ್ಕೆ ಹಿತ. ಕರಾವಳಿಯ ಹವೆಗೆ ಇದೇ ಹೊಂದುವುದು. ಬೆಲೆ ಹೆಚ್ಚು, ತೂಕವೂ ಹೆಚ್ಚು. ಒದ್ದೆಯಾದಾಗ ಜೋತು ಬೀಳುವುದರಿಂದ ಹಗ್ಗಕ್ಕೆ ನೇತು ಹಾಕದೆ, ಟವೆಲ್ ಮೇಲೆ ಹರಡಿ ಒಣಗಿಸಬೇಕು. ಶುದ್ಧ ಉಣ್ಣೆ ಮಡಿಕೇರಿಗೋ ಊಟಿಗೋ ಸರಿ, ಕಾಸರಗೋಡಿಗೆ ಬೇಕಾಗುವುದಿಲ್ಲ. ರೋಮ ರೋಮವಾಗಿ ಎದ್ದು ನಿಲ್ಲುವ ನೂಲು ಮಾತ್ರ ಯಾವ ಊರಿನ ಮಗುವಿಗೂ ಬೇಡ, ಅದು ಬಾಯಿಗೂ ಮೂಗಿಗೂ ಹೋಗುತ್ತದೆ.

ಆರು ತಿಂಗಳ ಅಳತೆಯ ಸ್ವೆಟರ್‌ಗೆ ಮಧ್ಯಮ ದಪ್ಪದ ನೂಲು ಸುಮಾರು 150 ಗ್ರಾಂ ಬೇಕಾಗುತ್ತದೆ. ಕಡ್ಡಿ 3.5 ಅಥವಾ 4 ಮಿ.ಮೀ. ನೂಲನ್ನು ಒಂದೇ ಸಲ ಪೂರ್ತಿ ಕೊಳ್ಳುವುದು ಜಾಣತನ. ಲೇಬಲ್‌ನಲ್ಲಿರುವ ಬಣ್ಣದ ಲಾಟ್ ನಂಬರ್ ಬದಲಾದರೆ ಅದೇ ಬಣ್ಣದಲ್ಲೂ ಛಾಯೆ ಬೇರೆ ಬರುತ್ತದೆ.

ಐದು ತುಂಡು, ಒಂದು ಸ್ವೆಟರ್

ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ., ಎದೆಯ ಸುತ್ತಳತೆ ಅದಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಮೈಗೆ ಸರಿಯಾದ ಬಟ್ಟೆ ತಲೆಯ ಮೂಲಕ ಇಳಿಯುವುದು ಕಷ್ಟ. ಕುತ್ತಿಗೆ ಗಟ್ಟಿಯಾಗದ ಮಗುವಿಗೆ ತಲೆಯಿಂದ ಎಳೆದು ತೊಡಿಸುವುದೂ ಸರಿಯಲ್ಲ. ಹಾಗಾಗಿ ಎದುರು ತೆರೆಯುವ ಸ್ವೆಟರ್ ಉತ್ತಮ.

ಎದೆಯ ಸುತ್ತಳತೆ 3 ತಿಂಗಳಿಗೆ ಸುಮಾರು 40 ಸೆಂ.ಮೀ., 6 ತಿಂಗಳಿಗೆ 43, ಒಂದು ವರ್ಷಕ್ಕೆ 46 ಎಂದು ಇಟ್ಟುಕೊಳ್ಳಬಹುದು. ಸಡಿಲಕ್ಕೆ 5 ಸೆಂ.ಮೀ. ಸೇರಿಸಬೇಕು. 6 ತಿಂಗಳ ಅಳತೆ ಹಿಡಿದರೆ ಒಟ್ಟು 48 ಸೆಂ.ಮೀ. ಬೆನ್ನಿನ ಭಾಗಕ್ಕೆ ಅದರ ಅರ್ಧ, 24. ಎದುರಿನ ಎರಡು ಭಾಗಗಳಿಗೆ 12, 12.

ಈಗ ಮಾದರಿ ತುಂಡು. ತೆಗೆದುಕೊಂಡ ನೂಲು, ಕಡ್ಡಿಯಲ್ಲೇ 10 ಸೆಂ.ಮೀ.ಗಿಂತ ಸ್ವಲ್ಪ ದೊಡ್ಡ ಚೌಕ ಹೆಣೆದು, ತೊಳೆದು ಒಣಗಿಸಿ, 10 ಸೆಂ.ಮೀ. ಅಗಲದಲ್ಲಿ ಎಷ್ಟು ಹೊಲಿಗೆ ಇದೆ ಎಂದು ಎಣಿಸಬೇಕು. ಹಾಫ್ ಡಬಲ್ ಕ್ರೋಶಾದಲ್ಲಿ 16 ಹೊಲಿಗೆ ಬಂತು ಎಂದಿಟ್ಟುಕೊಳ್ಳೋಣ. ಒಂದು ಸೆಂ.ಮೀ.ಗೆ 1.6. ಬೆನ್ನಿನ 24 ಸೆಂ.ಮೀ.ಗೆ 38 ಹೊಲಿಗೆ, ಎದುರಿನ ಒಂದು ಭಾಗಕ್ಕೆ 19. ಈ ಚೌಕ ಹೆಣೆಯಲು ಅರ್ಧ ಗಂಟೆ ಹೋಗುತ್ತದೆ ಎಂದು ಬಿಟ್ಟರೆ, ಮುಗಿದ ಸ್ವೆಟರ್ ಒಂದೋ ಗೊಂಬೆಗೆ, ಇಲ್ಲ ಎರಡು ವರ್ಷದ ಮಗುವಿಗೆ ಆಗುತ್ತದೆ.

ಬೆನ್ನಿಗೆ 40 ಚೈನ್ ಹಾಕಿ, ಕಡ್ಡಿಯಿಂದ ಮೂರನೇ ಚೈನ್‌ನಿಂದ ಶುರು ಮಾಡಿದರೆ 38 ಹೊಲಿಗೆ ಸಿಗುತ್ತದೆ. 26 ಸೆಂ.ಮೀ. ಉದ್ದ ಬರುವವರೆಗೆ ಸಾಲು ಸಾಲಾಗಿ ಹೆಣೆಯಬೇಕು. ಎದುರಿನ ಎರಡು ತುಂಡೂ ಇದೇ ಉದ್ದ, 19 ಹೊಲಿಗೆಯ ಅಗಲ. ತೋಳಿಗೆ 18 ಸೆಂ.ಮೀ. ಅಗಲ, ಅಂದರೆ 29 ಹೊಲಿಗೆ, ಉದ್ದ 16 ಸೆಂ.ಮೀ. ಹೊಸಬರಿಗೆ ಪ್ರತಿ ಸಾಲಿನ ಅಂಚಿನಲ್ಲಿ ಒಂದು ಹೊಲಿಗೆ ಕೈತಪ್ಪಿ, ತುಂಡು ಮೇಲೆ ಹೋಗುತ್ತಾ ಕಿರಿದಾಗುವುದುಂಟು. ಸಾಲು ಮುಗಿದಾಗಲೆಲ್ಲ ಎಣಿಸಿದರೆ ಈ ತೊಂದರೆ ಇಲ್ಲ.

ಜೋಡಿಸುವುದು ಹೀಗೆ. ಬೆನ್ನಿನ ಮೇಲಂಚಿನಲ್ಲಿ ನಡುವಿನ 10 ಸೆಂ.ಮೀ. ಕುತ್ತಿಗೆಗೆ ಬಿಡಬೇಕು, ಎರಡೂ ಬದಿಯ 7 ಸೆಂ.ಮೀ. ಭುಜ. ಎದುರಿನ ತುಂಡಿನ 7 ಸೆಂ.ಮೀ. ಅನ್ನು ಭುಜಕ್ಕೆ ಸೇರಿಸಿ ಹೊಲಿದರೆ ಉಳಿದ 5 ಸೆಂ.ಮೀ. ಹೊರಕ್ಕೆ ಮಡಚಿ ಕಾಲರ್ ಆಗುತ್ತದೆ. ತೋಳಿನ ನಡುವನ್ನು ಭುಜದ ಹೊಲಿಗೆಗೆ ಇಟ್ಟು ಕೂಡಿಸಿ, ಕೊನೆಗೆ ತೋಳಿನ ಅಡಿ ಮತ್ತು ಪಕ್ಕೆಯನ್ನು ಒಂದೇ ಎಳೆಯಲ್ಲಿ ಹೊಲಿದರೆ ಸ್ವೆಟರ್ ತಯಾರು. ಎದುರು ಅಂಚಿಗೆ ಎರಡು ಸಾಲು ಸಿಂಗಲ್ ಕ್ರೋಶಾ ಹಾಕಿದರೆ ಗುಂಡಿ ಪಟ್ಟಿ ಆಯಿತು.

ಚಂದಕ್ಕಿಂತ ಮೊದಲು ಸುರಕ್ಷೆ

ಮಗುವಿನ ಬಟ್ಟೆಯಲ್ಲಿ ಕೆಲವು ವಿಷಯಕ್ಕೆ ರಾಜಿ ಇಲ್ಲ. ಕುತ್ತಿಗೆಗೆ ಕಟ್ಟುವ ದಾರ, ಜೋತಾಡುವ ಗೊಂಡೆ ಬೇಡ. ಗುಂಡಿಯನ್ನು ಗಟ್ಟಿ ಹತ್ತಿ ದಾರದಲ್ಲಿ ಹೊಲಿದು, ಎಳೆದು ನೋಡಬೇಕು, ಕಿತ್ತು ಬಂದ ಗುಂಡಿ ನೇರ ಬಾಯಿಗೆ ಹೋಗುತ್ತದೆ. ದೊಡ್ಡ ದೊಡ್ಡ ಕಂಡಿ ಬಿಡುವ ವಿನ್ಯಾಸ ಪುಟ್ಟ ಮಗುವಿಗೆ ಒಳ್ಳೆಯದಲ್ಲ, ಬೆರಳು ಸಿಕ್ಕಿಕೊಳ್ಳುತ್ತದೆ. ಒಳಬದಿಯಲ್ಲಿ ಉಳಿದ ನೂಲಿನ ತುದಿಗಳನ್ನು ಸೂಜಿಯಿಂದ ಒಳಕ್ಕೆ ನೇಯ್ದು ಮುಗಿಸಬೇಕು. ಸಡಿಲ ಎಳೆ ಬೆರಳಿಗೆ ಸುತ್ತಿಕೊಂಡು ರಕ್ತದ ಓಡಾಟ ನಿಂತರೆ ಅದು ಆಸ್ಪತ್ರೆಗೆ ಓಡಬೇಕಾದ ಸಂಗತಿ.

ಇನ್ನೊಂದು ಮಾತು ಹಿರಿಯರಿಗೆ ಸ್ವಲ್ಪ ಕಷ್ಟವಾಗಬಹುದು. ‘ಮಗುವಿಗೆ ಚಳಿಯಾಗುತ್ತದೆ’ ಎಂದು ಸ್ವೆಟರ್, ಟೊಪ್ಪಿ, ಕಾಲುಚೀಲ ಹಾಕಿ, ಮೇಲಿಂದ ಹೊದಿಕೆಯನ್ನೂ ಹೊದಿಸಿ ಮಲಗಿಸುವ ಅಭ್ಯಾಸ ಒಳ್ಳೆಯದಲ್ಲ. ಮೈ ಅತಿಯಾಗಿ ಬಿಸಿಯಾಗುವುದು ಮಲಗಿದ ಶಿಶುಗಳಿಗೆ ಅಪಾಯ ಎಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ಮನೆಯೊಳಗೆ ಮಲಗಿಸುವಾಗ ಟೊಪ್ಪಿ ತೆಗೆಯಬೇಕು. ಅಂಗೈ, ಅಂಗಾಲು ತಣ್ಣಗಿದ್ದರೆ ಚಳಿ ಎಂದರ್ಥವಲ್ಲ. ಎದೆ, ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು. ಅಲ್ಲಿ ಬೆವರಿದ್ದರೆ ಸ್ವೆಟರ್ ಬಿಚ್ಚಬೇಕು. ಎದುರು ಗುಂಡಿಯ ಸ್ವೆಟರ್ ಆದರೆ ಮಲಗಿದ ಮಗುವನ್ನು ಎಬ್ಬಿಸದೆ ಬಿಚ್ಚಬಹುದು.

ಮನೆಯ ಲೆಕ್ಕ

ಈ ಕಡೆ ಮಗು ಹುಟ್ಟಿದರೆ ಬಟ್ಟೆಯ ಉಡುಗೊರೆಗೆ ಕೊರತೆ ಇಲ್ಲ. ಏಳನೇ ದಿನದ ಅಖೀಖಾ, ನಲ್ವತ್ತು ದಿನದ ಬಾಣಂತನ, ನೋಡಲು ಬರುವ ನೆಂಟರು. ಎಲ್ಲರ ಕೈಯಲ್ಲೂ ಒಂದು ಪೊಟ್ಟಣ. ಅದರಲ್ಲಿ ಹೆಚ್ಚಿನದ್ದು ನವಜಾತ ಶಿಶುವಿನ ಅಳತೆ. ಮೂರು ತಿಂಗಳಲ್ಲಿ ಎಲ್ಲವೂ ಗಿಡ್ಡ. ಕೆಲವು ಒಂದು ಸಲವೂ ಮೈಗೆ ತಾಗದೆ ಅಲಮಾರಿಯಲ್ಲಿ ಉಳಿಯುತ್ತವೆ. ದುಂದು ಬೇಡ ಎಂದು ಕಲಿಸುವ ಧರ್ಮದವರ ಮನೆಯಲ್ಲಿ ಇದೂ ಒಂದು ದುಂದೇ.

ಕೈಯಲ್ಲಿ ಹೆಣೆಯುವವರಿಗೆ ಇಲ್ಲಿ ದೊಡ್ಡ ಅನುಕೂಲ ಉಂಟು. ಮಗು ಮಳೆಗಾಲಕ್ಕೆ ಎಷ್ಟು ತಿಂಗಳದ್ದಾಗುತ್ತದೆ ಎಂದು ಲೆಕ್ಕ ಹಾಕಿ ಆ ಅಳತೆಗೇ ಹೆಣೆಯಬಹುದು. ತೋಳನ್ನು ಎರಡು ಇಂಚು ಉದ್ದ ಬಿಟ್ಟು ಮಡಚಿದರೆ ಇನ್ನೂ ಆರು ತಿಂಗಳು ನಡೆಯುತ್ತದೆ. ಅಂಚಿನಿಂದ ಮತ್ತೆ ನೂಲು ಸೇರಿಸಿ ನಾಲ್ಕು ಸಾಲು ಹೆಚ್ಚಿಸಬಹುದು. ಎಲ್ಲಾದರೂ ಹರಿದರೆ ಆ ಜಾಗ ಮಾತ್ರ ರಿಪೇರಿ. ತಮ್ಮನಿಗೋ ತಂಗಿಗೋ ಆದ ಮೇಲೆ, ಬಿಚ್ಚಿದ ನೂಲಿನಲ್ಲಿ ಟೊಪ್ಪಿಯೋ ಕಾಲುಚೀಲವೋ ಆಗುತ್ತದೆ. ಬೆಲೆಯನ್ನು ಬಳಸಿದ ದಿನಗಳಿಂದ ಭಾಗಿಸಿ ನೋಡಿದರೆ, 350 ರೂಪಾಯಿಗೆ ತಂದು ಐದು ಸಲ ತೊಡಿಸಿದ ಸ್ವೆಟರ್‌ಗೆ ಸಲಕ್ಕೆ 70 ರೂಪಾಯಿ. ಅಷ್ಟೇ ಖರ್ಚಿನ ನೂಲಿನ ಸ್ವೆಟರ್ ಎರಡು ಮಕ್ಕಳಿಗೆ ಸೇರಿ ಎಪ್ಪತ್ತು ಸಲ ನಡೆದರೆ ಸಲಕ್ಕೆ 5 ರೂಪಾಯಿ.

ಮಾರಾಟದ ಲೆಕ್ಕ ಬೇರೆ

ಉಮ್ಮ ಮಗುವಿಗೆ, ಅಜ್ಜಿ ಮೊಮ್ಮಗುವಿಗೆ ಹೆಣೆದರೆ ಗಂಟೆಯ ಲೆಕ್ಕ ಯಾರೂ ಇಡುವುದಿಲ್ಲ, ಇಡಬೇಕಾಗಿಯೂ ಇಲ್ಲ. ಅದು ಪ್ರೀತಿ. ಆದರೆ ಅದೇ ಸ್ವೆಟರ್ ಮಾರಾಟಕ್ಕೆ ಹೋದಾಗಲೂ ಗಂಟೆಯ ಲೆಕ್ಕ ಇಡದಿದ್ದರೆ ಅದು ಪ್ರೀತಿಯಲ್ಲ, ನಷ್ಟ.

ಒಂದು ಉದಾಹರಣೆ ಲೆಕ್ಕ ನೋಡಬಹುದು. ಹತ್ತಿ ನೂಲು 150 ಗ್ರಾಂಗೆ 270 ರೂಪಾಯಿ. ಗುಂಡಿ 20, ಕವರ್ ಮತ್ತು ಲೇಬಲ್ 20, ಇತರೆ 10. ಕೈಯಿಂದ ಹೋದ ದುಡ್ಡು 320. ಹೆಣೆಯಲು, ಜೋಡಿಸಲು 12 ಗಂಟೆ ಹಿಡಿಯಿತು. ಗಂಟೆಗೆ 50 ರೂಪಾಯಿ ಇಟ್ಟರೂ ಕೂಲಿ 600. ಸ್ವೆಟರ್‌ನ ಅಸಲು 920. ಅದರ ಮೇಲೆ ಸ್ವಲ್ಪ ಲಾಭ ಇಟ್ಟರೆ 1,100ಕ್ಕೆ ಮಾರಬೇಕು.

ಆದರೆ ಆಗುವುದೇನು? ‘ಅಂಗಡಿಯಲ್ಲಿ 350ಕ್ಕೆ ಸಿಗುತ್ತದೆ, ನಿನ್ನದು ಮನೆಯಲ್ಲಿ ಮಾಡಿದ್ದಲ್ವಾ’ ಎಂದು ಗಿರಾಕಿ ಕೇಳುತ್ತಾರೆ. ಪರಿಚಯದವರೆಂದು ಸಂಕೋಚದಿಂದ 500ಕ್ಕೆ ಕೊಟ್ಟುಬಿಡುತ್ತಾರೆ. ಖರ್ಚು ಕಳೆದರೆ ಕೈಗೆ ಬಂದದ್ದು 180. ಅದನ್ನು 12 ಗಂಟೆಗೆ ಹಂಚಿದರೆ ಗಂಟೆಗೆ 15 ರೂಪಾಯಿ. ಎಂಟು ಗಂಟೆ ಕೆಲಸಕ್ಕೆ 120. ಕೇರಳದಲ್ಲಿ 2024-25ರ ಉದ್ಯೋಗ ಖಾತರಿ ಕೂಲಿಯೇ ದಿನಕ್ಕೆ 346 ರೂಪಾಯಿ ಇತ್ತು. ಕಸುಬು ಕಲಿತ ಕೈಗೆ ಅದರ ಅರ್ಧವೂ ಸಿಗಲಿಲ್ಲ ಎಂದಾಯಿತು.

ಇದು ಕಾಸರಗೋಡಿನ ಕಥೆ ಮಾತ್ರ ಅಲ್ಲ. ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಕಡೆ 19ನೇ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಕಲಿಸಿದ ಕ್ರೋಶಾ ಲೇಸ್ ಇವತ್ತಿಗೂ ವಿದೇಶಕ್ಕೆ ಹೋಗುತ್ತದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಹೆಣ್ಣುಮಕ್ಕಳ ದುಡಿಮೆಯನ್ನು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ತೋರಿಸಿದ ವಿಷಯ ಸರಳ. ಮನೆಯೊಳಗೆ ಕೂತು ದಿನದ ಹಲವು ಗಂಟೆ ಹೆಣೆಯುವ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ. ‘ಗೃಹಿಣಿಯರು ಬಿಡುವಿನಲ್ಲಿ ಮಾಡುವುದು’ ಎಂದುಬಿಟ್ಟರು. ಅದರಿಂದಲೇ ಕೂಲಿ ಇಳಿಯಿತು, ಲಾಭ ವ್ಯಾಪಾರಿಗಳ ಪಾಲಾಯಿತು.

ಇದರ ಜೊತೆಗೆ ಇನ್ನೊಂದು ಸಂಗತಿ ತಿಳಿದಿರಬೇಕು. ಸಾಮಾನ್ಯ ಸ್ವೆಟರ್ ಹೆಣೆಯುವ ಯಂತ್ರಗಳು ಬೇಕಷ್ಟು ಉಂಟು. ಆದರೆ ನಿಜವಾದ ಕ್ರೋಶಾವನ್ನು ಕಾರ್ಖಾನೆ ಮಟ್ಟದಲ್ಲಿ ಹೆಣೆಯುವ ಯಂತ್ರ ಬಳಕೆಗೆ ಬಂದಿಲ್ಲ. ಯಂತ್ರದ್ದು ಬರೀ ಹೋಲುವ ಬಟ್ಟೆ. ಹಾಗಾಗಿ ಮಾಲ್‌ನಲ್ಲಿ ನಿಜವಾದ ಕ್ರೋಶಾ ಉಡುಪು ತೀರಾ ಅಗ್ಗಕ್ಕೆ ತೂಗುತ್ತಿದ್ದರೆ, ಎಲ್ಲೋ ಒಬ್ಬರ ಗಂಟೆಗಳಿಗೆ ಬೆಲೆ ಸಿಕ್ಕಿಲ್ಲ ಎಂದೇ ಅರ್ಥ.

ತಳಂಗರೆಯ ಟೊಪ್ಪಿ ಹೇಳುವ ಪಾಠ

ಕೈಕಸುಬಿಗೆ ಹೆಸರು ಸಿಕ್ಕಿಯೂ ಕೈತಪ್ಪುವುದು ಹೇಗೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ಮಾಲಿಕ್ ದೀನಾರ್ ಮಸೀದಿಯ ತಳಂಗರೆಯಲ್ಲಿ ಒಂದು ಕಾಲಕ್ಕೆ ಮನೆಮನೆಯಲ್ಲಿ ಟೊಪ್ಪಿ ಹೊಲಿಯುತ್ತಿದ್ದರು. ಬಿಳಿ ಬಟ್ಟೆಯ ಮೇಲೆ ಸೂಜಿಯಲ್ಲಿ ಸಣ್ಣ ಸಣ್ಣ ಕಸೂತಿ. ಹೆಚ್ಚಿನ ಕೆಲಸ ಹೆಂಗಸರದ್ದು. ‘ತಳಂಗರೆ ಟೊಪ್ಪಿ’ ಗಲ್ಫ್‌ವರೆಗೂ ಹೋಯಿತು. ಒಂದು ಟೊಪ್ಪಿಗೆ ದಿನಗಟ್ಟಲೆ ಕೆಲಸ. ಯಂತ್ರದ ಟೊಪ್ಪಿ ಅಗ್ಗಕ್ಕೆ ಬಂದಾಗ ಆ ದಿನಗಳ ಬೆಲೆ ಕೊಡುವವರು ಕಡಿಮೆಯಾದರು, ಹೊಲಿಯುವವರೂ ಕಡಿಮೆಯಾದರು. ಕೂಲಿ ಹುಟ್ಟದ ಕಸುಬನ್ನು ಮಕ್ಕಳು ಕಲಿಯುವುದಿಲ್ಲ. ಟೊಪ್ಪಿ ಚಂದ ಇಲ್ಲ ಎಂದು ಯಾರೂ ಬಿಟ್ಟದ್ದಲ್ಲ.

ಕ್ರೋಶಾ ಹೆಣೆಯುವ ಇಂದಿನ ಹುಡುಗಿಯರು ಯಂತ್ರದ ಸ್ವೆಟರ್‌ನ ಬೆಲೆಯ ಜೊತೆ ಓಟಕ್ಕೆ ಇಳಿದರೆ ಸೋಲು ಖಂಡಿತ. ಬದಲು ಯಂತ್ರ ಕೊಡಲಾಗದ್ದನ್ನು ಮಾರಬೇಕು. ಮಗುವಿನ ಅಳತೆ ಕೇಳಿ ಹೆಣೆದದ್ದು, ಗಲ್ಫ್‌ಗೆ ಕಳುಹಿಸಲು ಹಗುರವಾದದ್ದು, ಒಂದು ವರ್ಷದವರೆಗೆ ಅಂಚು ಉದ್ದ ಮಾಡಿಕೊಡುವ ಮಾತು, ನೂಲು ಯಾವುದು, ಹೇಗೆ ತೊಳೆಯಬೇಕು ಎಂಬ ಚೀಟಿ. ಪೂರ್ತಿ ಸ್ವೆಟರ್‌ಗೆ ಗಿರಾಕಿ ಸಿಗದಿದ್ದರೆ ಎರಡು ಮೂರು ಗಂಟೆಯಲ್ಲಿ ಮುಗಿಯುವ ಟೊಪ್ಪಿ, ಕಾಲುಚೀಲದಿಂದ ಶುರು ಮಾಡಬಹುದು. ಅರ್ಧ ಹಣ ಮುಂಗಡ ತೆಗೆದುಕೊಂಡೇ ನೂಲು ಕೊಳ್ಳುವುದು ಒಳ್ಳೆಯದು. ಒಬ್ಬೊಬ್ಬರೇ ಮಾರುವುದು ಕಷ್ಟವಾದರೆ ಕೇರಳದಲ್ಲಿ ಕುಟುಂಬಶ್ರೀಯ ಅಯಲ್‌ಕೂಟಗಳಿವೆ. ನಾಲ್ಕು ಜನ ಸೇರಿದರೆ ನೂಲು ಸಗಟಿನಲ್ಲಿ ತರಬಹುದು, ಬೆಲೆ ಒಂದೇ ಇಡಬಹುದು.

ಗಡಿಯ ಊರಿನವರು ಒಂದು ವಿಷಯ ಮರೆಯುವಂತಿಲ್ಲ. ಉಪ್ಪಳದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹತ್ತಿರವೇ, ಆದರೆ ಕಾಗದದಲ್ಲಿ ಅದು ಅಂತರರಾಜ್ಯ ಮಾರಾಟ. ರಾಜ್ಯದೊಳಗೆ ಮಾರುವ ಸಣ್ಣ ವ್ಯಾಪಾರಕ್ಕೆ ಇರುವ ಜಿಎಸ್‌ಟಿ ರಿಯಾಯಿತಿ ಅಂತರರಾಜ್ಯ ಮಾರಾಟಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ಕೆಲವು ಕರಕುಶಲ ವಸ್ತುಗಳಿಗೆ ಬೇರೆ ವಿನಾಯಿತಿ ಉಂಟು. ನಿಯಮಿತವಾಗಿ ಆರ್ಡರ್ ಬರಲು ಶುರುವಾದರೆ ಒಮ್ಮೆ ಅಕೌಂಟೆಂಟ್ ಹತ್ತಿರ ಕೇಳಿಕೊಂಡರೆ ಮುಂದೆ ತಲೆನೋವಿಲ್ಲ.

ಕೊಳ್ಳುವವರ ಪಾಲೂ ಇದರಲ್ಲಿ ಉಂಟು. ಬೆವರು ಆರುವ ಮೊದಲು ಕೂಲಿ ಕೊಡಬೇಕು ಎಂಬ ಪ್ರವಾದಿ(ಸ)ಯವರ ಬೋಧನೆ ಮದ್ರಸದ ಮಕ್ಕಳಿಗೂ ಗೊತ್ತು. ಫ್ಯಾನಿನ ಅಡಿಯಲ್ಲಿ ಕೂತು ಹೆಣೆಯುವಾಗ ಬೆವರು ಕಾಣದಿರಬಹುದು, ದುಡಿಮೆ ದುಡಿಮೆಯೇ. ನೆಂಟರ ಹುಡುಗಿಯ ಹತ್ತಿರ ಸ್ವೆಟರ್ ಕೊಳ್ಳುವಾಗ ಅಂಗಡಿಯ ರೇಟು ಹೇಳುವ ಮೊದಲು ‘ಎಷ್ಟು ಗಂಟೆ ಹಿಡಿಯಿತು?’ ಎಂದು ಕೇಳುವುದು ರೂಢಿಯಾದರೆ ಸಾಕು.

ಹೆಣೆಯುವವರು ಮಾಡಬೇಕಾದ ಕೆಲಸ ಇನ್ನೂ ಸಣ್ಣದು. ನೂಲಿನ ಚೀಲದಲ್ಲಿ ಒಂದು ಹಳೆ ನೋಟ್‌ಬುಕ್, ಪೆನ್ಸಿಲ್ ಇಡಬೇಕು. ಕೂತ ಹೊತ್ತು, ಎದ್ದ ಹೊತ್ತು ಬರೆಯಬೇಕು. ಒಂದು ಸ್ವೆಟರ್ ಮುಗಿದಾಗ ಗಂಟೆಗಳನ್ನು ಕೂಡಿಸಿದರೆ ಬೆಲೆ ಎಷ್ಟು ಹೇಳಬೇಕು ಎಂದು ಆ ಪುಟವೇ ಹೇಳುತ್ತದೆ.